ಬಚ್ಚಲಿನ ತೆರೆದ ಒಲೆಯ ಬದಲಿಗೆ: ಗೂಡಿನ ಹಂಡೆ, ಸೌದೆ ಬಾಯ್ಲರ್, ಸೋಲಾರ್, ಗ್ಯಾಸ್ – ಯಾವ ಮನೆಗೆ ಯಾವುದು?

ಮಲೆನಾಡು ಮತ್ತು ಕರಾವಳಿಯ ಹಳೆಯ ಮನೆಗಳ ಬಚ್ಚಲೊಲೆಯ ರಚನೆ ಬಹುಮಟ್ಟಿಗೆ ಒಂದೇ ಬಗೆಯದು. ಮಣ್ಣಿನ ಅಥವಾ ಕಲ್ಲಿನ ಗೋಡೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಅದರ ಕೆಳಗೆ ಬಾಗಿಲಿಲ್ಲದ ಬೆಂಕಿಗೂಡು, ಹೊಗೆ ಹೋಗುವುದಕ್ಕೆ ಹಂಚಿನ ಸಂದು. ಮನೆಯನ್ನು ದುರಸ್ತಿ ಮಾಡಿಸುವಾಗ ಮೊದಲು ಕಣ್ಣಿಗೆ ಬೀಳುವುದು ಈ ಮಸಿ ಹಿಡಿದ ಮೂಲೆಯೇ. ಅದನ್ನು ಬದಲಿಸಬೇಕೆಂದು ಹೊರಟವರಿಗೆ ಅಂಗಡಿಯವರು ತಾಮ್ರದ ಬಾಯ್ಲರನ್ನು ತೋರಿಸುತ್ತಾರೆ, ಪೇಟೆಯ ನೆಂಟರು ಸೋಲಾರ್ ಹಾಕಿಸಿ ಎನ್ನುತ್ತಾರೆ, ಪ್ಲಂಬರ್ ಗ್ಯಾಸ್ ಗೀಸರ್ ಸಾಕು ಎನ್ನುತ್ತಾರೆ. ಮೂವರ ಮಾತಿನಲ್ಲೂ ಸತ್ಯವಿದೆ. ಆದರೆ ಯಾರೂ ಆ ಮನೆಯ ಒಲೆ ಈಗ ಏನೇನು ಕೆಲಸ ಮಾಡುತ್ತಿದೆ ಎಂದು ಕೇಳುವುದಿಲ್ಲ.

ಬಚ್ಚಲೊಲೆ ನೀರು ಕಾಯಿಸುವುದಕ್ಕಷ್ಟೇ ಇರುವುದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಊರುಗಳಲ್ಲಿ ಒದ್ದೆ ಬಟ್ಟೆಯೂ ಕಂಬಳಿಯೂ ಒಣಗುವುದು ಅದರ ಮೇಲಿನ ಗಳುವಿನಲ್ಲಿ. ಅಟ್ಟದ ಮೇಲೆ ಕೊಬ್ಬರಿಗಿಟ್ಟ ಕಾಯಿ ಹುಳು ಹಿಡಿಯದೆ ಉಳಿಯುವುದು ಹೊಗೆಯಿಂದ, ಮಾರನೆಯ ದಿನದ ಸೌದೆ ಒಣಗುವುದು ಒಲೆಯ ಪಕ್ಕದಲ್ಲಿ. ತೋಟದ ಸೋಗೆ, ಹಾಳೆ, ಅಡಿಕೆ ಸಿಪ್ಪೆ, ತೆಂಗಿನ ಚಿಪ್ಪುಗಳು ಉರಿದು ಬೂದಿಯಾಗಿ ಮತ್ತೆ ತೋಟಕ್ಕೆ ಹೋಗುವುದೂ ಅದೇ ಒಲೆಯ ಮೂಲಕ. ಗ್ಯಾಸ್ ಗೀಸರ್ ಹಾಕಿಸಿದ ಮರುವರ್ಷದ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಪ್ರತ್ಯೇಕ ಬೆಂಕಿ ಹಾಕುವ ಪರಿಸ್ಥಿತಿ ಬಂದರೆ ಬದಲಾವಣೆಯಿಂದ ಆದ ಲಾಭ ಅಲ್ಪ. ಆದ್ದರಿಂದ ನಿಮ್ಮ ಒಲೆಯ ಕೆಲಸಗಳನ್ನು ಮೊದಲು ಒಂದು ಕಾಗದದಲ್ಲಿ ಬರೆದುಕೊಂಡು, ಅವುಗಳಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂದು ತೀರ್ಮಾನಿಸುವುದು ಒಳ್ಳೆಯದು.

ಎರಡನೆಯದು ಲೆಕ್ಕ. ಆರು ಜನರ ಮನೆಯಲ್ಲಿ ಒಬ್ಬೊಬ್ಬರಿಗೆ 25 ಲೀಟರಿನಂತೆ 150 ಲೀಟರ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಬೇಕು ಎಂದುಕೊಳ್ಳೋಣ. ಇದಕ್ಕೆ ನೀರಿನೊಳಗೆ ಸೇರಬೇಕಾದ ಶಾಖ ಸುಮಾರು 12.6 ಮೆಗಾಜೂಲ್, ಅಂದರೆ ಮೂರೂವರೆ ಯೂನಿಟ್ ವಿದ್ಯುತ್ತಿಗೆ ಸಮ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 15 ಮೆಗಾಜೂಲ್ ಶಾಖ ಇರುತ್ತದೆಯಾದರೂ, ತೆರೆದ ಒಲೆಯಲ್ಲಿ ಅದರ ಶೇ. 10ರಿಂದ 15 ಭಾಗ ಮಾತ್ರ ನೀರಿಗೆ ಮುಟ್ಟಿ ಉಳಿದದ್ದು ಹಂಚಿನ ಸಂದಿನಿಂದ ಆಚೆ ಹೋಗುತ್ತದೆ. ಹಾಗಾಗಿ ದಿನಕ್ಕೆ ಸುಮಾರು ಏಳು ಕಿಲೋ, ವರ್ಷಕ್ಕೆ ಎರಡೂವರೆ ಟನ್ ಸೌದೆ ಬೇಕಾಗುತ್ತದೆ. ಅದೇ ಬೆಂಕಿಯನ್ನು ಮುಚ್ಚಿದ ಗೂಡಿಗೆ ಹಾಕಿ, ಹೊಗೆಕೊಳವೆ ಕೊಟ್ಟು, ಶೇ. 35 ಭಾಗ ನೀರಿಗೆ ಹೋಗುವಂತೆ ಮಾಡಿದರೆ ದಿನಕ್ಕೆ ಎರಡೂವರೆ ಕಿಲೋಗಿಂತ ಕಡಿಮೆ ಸಾಕು. ವರ್ಷದ ಖರ್ಚು ಒಂದು ಟನ್ನಿನೊಳಗೆ ನಿಲ್ಲುತ್ತದೆ. ಹಂಡೆಯನ್ನು ಬದಲಿಸದೆಯೇ, ಬೆಂಕಿ ಸಾಗುವ ದಾರಿಯನ್ನು ಮಾತ್ರ ಸರಿಪಡಿಸಿ ಪಡೆಯಬಹುದಾದ ಉಳಿತಾಯ ಇದು.

ಗೂಡಿನಲ್ಲಿ ಕೂರಿಸಿದ ಹಂಡೆ

ಇರುವ ಹಂಡೆಯನ್ನೇ ಉಳಿಸಿಕೊಂಡು ಅದರ ಸುತ್ತ ಮುಚ್ಚಿದ ಒಲೆ ಕಟ್ಟಿಸುವುದು ಎಲ್ಲಕ್ಕಿಂತ ಅಗ್ಗದ ಆಯ್ಕೆ. ಹೊಳಪಿಲ್ಲದ ಕಾರಣಕ್ಕೋ ಏನೋ, ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಟ್ಟದ್ದೂ ಇದೇ. ಇದರ ಹಿಂದಿನ ತತ್ವ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ರೂಪಿಸಿದ ಅಡುಗೆಯ ‘ಅಸ್ತ್ರ ಒಲೆ’ಯನ್ನು ಕರ್ನಾಟಕದ ಹಳ್ಳಿಗಳಲ್ಲಿ ಅನೇಕರು ಕಂಡಿದ್ದಾರೆ. ಬೆಂಕಿಯನ್ನು ಮುಚ್ಚಿದ ಪೆಟ್ಟಿಗೆಯೊಳಗಿಡುವುದು, ಸೌದೆಯನ್ನು ಕಬ್ಬಿಣದ ಜಾಲರಿಯ ಮೇಲೆ ಉರಿಸಿ ಕೆಳಗಿನಿಂದ ಗಾಳಿ ಕೊಡುವುದು, ಬಿಸಿಗಾಳಿ ಪಾತ್ರೆಯನ್ನು ಬಳಸಿಕೊಂಡು ಹೋದ ಮೇಲಷ್ಟೇ ಹೊಗೆಕೊಳವೆಯನ್ನು ಸೇರುವಂತೆ ಮಾಡುವುದು – ಈ ಮೂರು ಸೂತ್ರಗಳು ಬಚ್ಚಲಿನ ಹಂಡೆಗೂ ಹಾಗೆಯೇ ಅನ್ವಯಿಸುತ್ತವೆ.

ಕಟ್ಟಿಸುವಾಗ ಗಮನಿಸಬೇಕಾದ ಅಳತೆಗಳು ಕೆಲವೇ, ಆದರೆ ಅವು ತಪ್ಪಿದರೆ ಒಲೆ ಹೊಗೆಯುತ್ತದೆ. ಹಂಡೆಯ ಮೈಗೂ ಗೂಡಿನ ಗೋಡೆಗೂ ನಡುವೆ ಸುತ್ತಲೂ ಎರಡು ಬೆರಳಿನಷ್ಟು ಮಾತ್ರ ಸಂದು ಇರಬೇಕು. ಅದಕ್ಕಿಂತ ಹೆಚ್ಚಾದರೆ ಬಿಸಿಗಾಳಿ ಹಂಡೆಯನ್ನು ಸವರದೆ ನೇರವಾಗಿ ಹೊರಟುಹೋಗುತ್ತದೆ, ತೀರ ಕಡಿಮೆಯಾದರೆ ಮಸಿ ಕಟ್ಟಿಕೊಂಡು ಉಸಿರುಗಟ್ಟುತ್ತದೆ. ಜಾಲರಿಯಿಂದ ಹಂಡೆಯ ತಳಕ್ಕೆ ಒಂದು ಗೇಣು ಅಂತರ ಸಾಕು. ಹೊಗೆಕೊಳವೆಯ ಬಾಯಿ ಸೌದೆ ತುಂಬುವ ಬಾಯಿಗೆ ಎದುರಾಗಿ, ಹಂಡೆಯ ಭುಜದ ಎತ್ತರದಲ್ಲಿ ಇರಬೇಕು. ತಳದಲ್ಲೇ ಕೊಟ್ಟರೆ ಉರಿ ಹಂಡೆಯ ಅಡಿಯಿಂದಲೇ ನೇರವಾಗಿ ಕೊಳವೆಗೆ ನುಗ್ಗುತ್ತದೆ. ಸೌದೆ ಬಾಯಿಗೆ ಕಬ್ಬಿಣದ ಬಾಗಿಲು, ಹಂಡೆಯ ಬಾಯಿಗೆ ಬಿಗಿಯಾದ ಮುಚ್ಚಳ, ಮಸಿ ತೆಗೆಯಲು ಹಿಂಬದಿಯಲ್ಲೊಂದು ಸಣ್ಣ ಕಿಂಡಿ – ಈ ಮೂರನ್ನೂ ಗಾರೆಯವರಿಗೆ ಮೊದಲೇ ಹೇಳದಿದ್ದರೆ ಅವರಾಗಿಯೇ ಇಡುವುದು ಅಪರೂಪ.

ಸಾಮಗ್ರಿಯ ವಿಷಯದಲ್ಲಿ ಸಿಮೆಂಟಿನ ಮೋಹ ಬೇಡ. ಬೆಂಕಿ ತಾಗುವ ಜಾಗದಲ್ಲಿ ಸಾಮಾನ್ಯ ಸಿಮೆಂಟ್ ಒಂದೆರಡು ವರ್ಷಗಳಲ್ಲಿ ಬಿರಿಯುತ್ತದೆ, ಕರಿಕಲ್ಲು ಕಾದು ಸಿಡಿಯುವುದೂ ಉಂಟು. ಒಳಮೈಗೆ ಸುಟ್ಟ ಇಟ್ಟಿಗೆಯನ್ನು, ಸಿಕ್ಕರೆ ಫೈರ್ ಬ್ರಿಕ್ಕನ್ನು, ಹುತ್ತದ ಮಣ್ಣಿನ ಗಾರೆಯಲ್ಲಿ ಕಟ್ಟಿಸಿ, ಹೊರಮೈಗೆ ಜಂಬಿಟ್ಟಿಗೆಯನ್ನೋ ಸಿಮೆಂಟನ್ನೋ ಬಳಸುವುದು ಬಾಳಿಕೆಯ ದಾರಿ.

ಈ ಆಯ್ಕೆಯ ಮಿತಿಯೂ ಸ್ಪಷ್ಟವಾಗಿದೆ. ನೀರನ್ನು ತೋಡಿಕೊಳ್ಳಬೇಕು, ಹಂಡೆಗೆ ತುಂಬಬೇಕು. ನಲ್ಲಿಯಲ್ಲಿ ಬಿಸಿನೀರು ಬರುವುದಿಲ್ಲ. ವಯಸ್ಸಾದವರು ಕೊಡಪಾನ ಎತ್ತಲಾರದ ಮನೆಗೆ ಇದು ಹೊರೆಯೇ. ಹಂಡೆಗೆ ತಣ್ಣೀರಿನ ನಲ್ಲಿಯೊಂದನ್ನು ಮೇಲಿನಿಂದ ಕೊಟ್ಟರೆ ತುಂಬುವ ಕಷ್ಟವಾದರೂ ತಪ್ಪುತ್ತದೆ. ಇನ್ನೊಂದು ಕಡೆ, ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ಹಂಡೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುವ ಮನೆಗಳಲ್ಲಿ ಹಿರಿಯರು ಹಂಡೆಯನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ ಎಂಬುದೂ ಆಯ್ಕೆಯನ್ನು ನಿರ್ಧರಿಸುವ ಸಂಗತಿಯೇ. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ.

ಬಂಬ ಮತ್ತು ನಲ್ಲಿಗೆ ಜೋಡಿಸಿದ ಬಾಯ್ಲರ್

ಬಯಲುಸೀಮೆಯಲ್ಲೂ ಉತ್ತರ ಕರ್ನಾಟಕದಲ್ಲೂ ಬಳಕೆಯಲ್ಲಿರುವ ಬಂಬದ ನಡುವೆ ಹೊಗೆಕೊಳವೆ ಇದ್ದು, ಅದರ ಸುತ್ತ ನೀರು ನಿಂತಿರುತ್ತದೆ, ಕೆಳಗೆ ಬೆಂಕಿ. ಒಂದು ಕಡೆಯ ಆಲಿಕೆಯಲ್ಲಿ ತಣ್ಣೀರು ಸುರಿದರೆ ಅದು ತಳ ಸೇರಿ, ಮೇಲಿರುವ ಬಿಸಿನೀರು ಮೂತಿಯಿಂದ ಹೊರಬರುತ್ತದೆ. ಚಿಕ್ಕ ಸಂಸಾರಕ್ಕೆ, ಚಿಪ್ಪು, ಜಿಗ್ಗು, ಕಡ್ಡಿಯಂಥ ಸಣ್ಣ ಉರುವಲಿಗೆ ಇದು ಚೆನ್ನಾಗಿ ಹೊಂದುತ್ತದೆ, ಬೇಗನೆ ಕಾಯುತ್ತದೆ. ಬಾಯಿ ತೆರೆದೇ ಇರುವುದರಿಂದ ಒತ್ತಡದ ಭಯವೂ ಇಲ್ಲ. ದೊಡ್ಡ ಕುಂಟೆಗಳನ್ನು ಉರಿಸುವ ಮನೆಗೆ ಮಾತ್ರ ಇದು ಆಗದು.

ಈಗ ಮಲೆನಾಡಿನ ಹೊಸ ಮನೆಗಳಲ್ಲಿ ಹೆಚ್ಚಾಗಿ ಕೂರಿಸುತ್ತಿರುವುದು ಇದೇ ರಚನೆಯ ದೊಡ್ಡ ರೂಪವನ್ನು. ಗೋಡೆಯೊಳಗೆ ಸೇರಿಸಿ ಕಟ್ಟಿದ ಮುಚ್ಚಿದ ಬಾಯ್ಲರಿಗೆ ಮೇಲಿನ ಟ್ಯಾಂಕಿನಿಂದ ತಣ್ಣೀರು ಇಳಿಯುತ್ತದೆ, ಬಿಸಿನೀರು ಕೊಳವೆಯ ಮೂಲಕ ಬಚ್ಚಲಿಗೂ ಅಡುಗೆಮನೆಗೂ ಹೋಗುತ್ತದೆ. ಬೆಂಕಿಯ ಬಾಯಿಯನ್ನು ಹೊರಗಿನ ಜಗುಲಿಯ ಕಡೆಗೆ ಇಟ್ಟರೆ ಸ್ನಾನದ ಕೋಣೆಗೆ ಹೊಗೆಯೂ ಬೂದಿಯೂ ಬರುವುದಿಲ್ಲ. ಅನುಕೂಲದಲ್ಲಿ ಇದಕ್ಕೆ ಸಾಟಿಯಿಲ್ಲ. ಅಪಾಯ ಇರುವುದೂ ಇದರಲ್ಲೇ. ವಿದ್ಯುತ್ ಗೀಸರಿನಲ್ಲಿ ನೀರು ಕಾದೊಡನೆ ಥರ್ಮೋಸ್ಟ್ಯಾಟ್ ಕರೆಂಟನ್ನು ನಿಲ್ಲಿಸುತ್ತದೆ. ಸೌದೆಯ ಬೆಂಕಿಗೆ ಅಂಥ ಕಡಿವಾಣವಿಲ್ಲ. ಮನೆಮಂದಿಯೆಲ್ಲ ಸ್ನಾನ ಮುಗಿಸಿದ ಮೇಲೂ ಕೆಂಡ ಉರಿಯುತ್ತಲೇ ಇದ್ದರೆ ನೀರು ಕುದಿಯುತ್ತದೆ, ಕುದಿದ ನೀರು ಆವಿಯಾದಾಗ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ.

ಆ ಆವಿಗೆ ದಾರಿ ಕೊಡುವುದು ಗಾಳಿ ಕೊಳವೆ. ಬಾಯ್ಲರಿನ ನೆತ್ತಿಯಿಂದ ಹೊರಟ ಈ ಕೊಳವೆ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಏರಿ, ಅಲ್ಲಿ ಬಾಯಿ ತೆರೆದುಕೊಂಡು, ಕೆಳಕ್ಕೆ ಬಾಗಿ ನಿಲ್ಲಬೇಕು. ಅದರ ದಾರಿಯಲ್ಲಿ ಎಲ್ಲಿಯೂ ವಾಲ್ವ್ ಇರಕೂಡದು. ಆಗಾಗ ನೀರು ತೊಟ್ಟಿಕ್ಕುತ್ತದೆಂದು ಈ ಕೊಳವೆಗೆ ಬೂಚು ಹಾಕುವುದು ಬಾಯ್ಲರನ್ನು ಬಾಂಬ್ ಮಾಡಿದಂತೆ. ತಣ್ಣೀರು ಬರುವ ಕಡೆ ನಾನ್-ರಿಟರ್ನ್ ವಾಲ್ವ್ ಹಾಕಿಸುವವರು ಗಾಳಿ ಕೊಳವೆ ಸರಿಯಾಗಿದೆಯೇ ಎಂದು ಇಮ್ಮಡಿ ಎಚ್ಚರದಿಂದ ನೋಡಬೇಕು, ಏಕೆಂದರೆ ಹಿಗ್ಗಿದ ನೀರು ಟ್ಯಾಂಕಿಗೆ ಹಿಂದಿರುಗುವ ದಾರಿ ಅಲ್ಲಿ ಮುಚ್ಚಿಹೋಗಿರುತ್ತದೆ. ಮನೆಯಲ್ಲಿ ಪ್ರೆಶರ್ ಪಂಪ್ ಇದ್ದರೆ ಗಾಳಿ ಕೊಳವೆಯಿಂದ ನೀರು ಚಿಮ್ಮುತ್ತದೆ. ಅಂಥ ಮನೆಯವರು ಬಾಯ್ಲರಿಗೆ ಪಂಪಿನ ಸಂಪರ್ಕ ಕೊಡದೆ ಪ್ರತ್ಯೇಕ ಸಣ್ಣ ಟ್ಯಾಂಕಿನಿಂದ ನೀರು ಕೊಡುವುದು ಕ್ಷೇಮ.

ಕೊಳವೆಯ ಆಯ್ಕೆಯಲ್ಲೂ ತಪ್ಪು ನಡೆಯುತ್ತದೆ. ಸಾಮಾನ್ಯ ಪಿವಿಸಿ ಬಿಸಿನೀರಿಗೆ ಮೆತ್ತಗಾಗುತ್ತದೆ. ಬಿಸಿನೀರಿಗೆಂದೇ ಮಾಡಿದ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಕೊಳವೆ ಗೀಸರಿನ ಬಿಸಿಯನ್ನು ತಾಳುತ್ತದಾದರೂ ಬಾಯ್ಲರಿನಿಂದ ಬರುವ ಕುದಿನೀರನ್ನು, ಆವಿಯನ್ನು ದಿನವೂ ತಾಳಲಾರದು. ಬಾಯ್ಲರಿನಿಂದ ಮೊದಲ ನಾಲ್ಕೈದು ಅಡಿಯನ್ನೂ ಗಾಳಿ ಕೊಳವೆಯನ್ನೂ ತಾಮ್ರದಲ್ಲೋ ಸ್ಟೀಲಿನಲ್ಲೋ ಮಾಡಿಸಿ, ಅಲ್ಲಿಂದ ಮುಂದಕ್ಕೆ ಸಿಪಿವಿಸಿ ಎಳೆಯಬಹುದು.

ತಾಮ್ರವೋ ಸ್ಟೀಲೋ ಎಂಬ ಪ್ರಶ್ನೆಗೆ ಅಂಗಡಿಗಳಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ‘ತಾಮ್ರ ಬೇಗ ಕಾಯುತ್ತದೆ’ ಎಂಬುದು. ತಾಮ್ರ ಸ್ಟೀಲಿಗಿಂತ ಹತ್ತಾರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ ಎಂಬುದು ನಿಜ. ಆದರೆ ಬಾಯ್ಲರಿನಲ್ಲಿ ಶಾಖ ತಡೆಯಲ್ಪಡುವುದು ಲೋಹದ ತೆಳುವಾದ ತಗಡಿನಲ್ಲಲ್ಲ, ಹೊಗೆಯಿಂದ ಲೋಹಕ್ಕೆ ದಾಟುವ ಹಂತದಲ್ಲಿ. ಆದ್ದರಿಂದ ಬಳಕೆಯಲ್ಲಿ ವ್ಯತ್ಯಾಸ ಅತ್ಯಲ್ಪ, ತೆಳ್ಳನೆಯ ಮಸಿಯ ಪದರವೊಂದು ತಾಮ್ರದ ಆ ಹಿರಿಮೆಯನ್ನೆಲ್ಲ ನುಂಗಿಹಾಕುತ್ತದೆ. ತಾಮ್ರದ ನಿಜವಾದ ಗುಣ ಬೇರೆ. ಅದು ತುಕ್ಕು ಹಿಡಿಯುವುದಿಲ್ಲ, ಸೋರಿದರೆ ಊರಿನಲ್ಲೇ ಬೆಸುಗೆ ಹಾಕಿಸಬಹುದು, ಹಳತಾದ ಮೇಲೂ ತೂಕಕ್ಕೆ ಬೆಲೆ ಬರುತ್ತದೆ. ಮುರಕಲ್ಲಿನ ನೆಲದ ಬಾವಿನೀರು ಸ್ವಲ್ಪ ಆಮ್ಲೀಯವಾಗಿರುವುದು ಸಾಮಾನ್ಯವಾದ್ದರಿಂದ ಕಬ್ಬಿಣದ ಅಥವಾ ಜಿಐ (ಸತುವು ಲೇಪಿಸಿದ ಕಬ್ಬಿಣ) ತಗಡಿನ ಬಾಯ್ಲರ್ ಅಲ್ಲಿ ಬೇಗ ತೂತು ಬೀಳುತ್ತದೆ. ಒಳ್ಳೆಯ ದಪ್ಪದ 304 ದರ್ಜೆಯ ಸ್ಟೀಲ್ ಅಲ್ಲಿ ತಾಮ್ರದ ಸಮಕ್ಕೆ ನಿಲ್ಲಬಲ್ಲದು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿಗಾದರೆ ಲೋಹ ಯಾವುದೆನ್ನುವುದಕ್ಕಿಂತ ಒಳಗೆ ಕೈ ಹಾಕಿ ಸುಣ್ಣದ ಪದರ ತೆಗೆಯಲು ಮುಚ್ಚಳವಿದೆಯೇ ಎಂಬುದೇ ಮುಖ್ಯ. ಯಾವ ಲೋಹವಾದರೂ ನೀರಿಲ್ಲದೆ ಬೆಂಕಿ ಹಾಕಿದರೆ ಬೆಸುಗೆ ಬಿಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟ್ಯಾಂಕ್ ಬರಿದಾದ ಬೆಳಿಗ್ಗೆ ಹೀಗಾಗುವ ಸಂಭವ ಹೆಚ್ಚು. ಒಲೆ ಹೊತ್ತಿಸುವ ಮೊದಲು ನಲ್ಲಿ ತಿರುಗಿಸಿ ನೋಡುವುದನ್ನು ಮನೆಯ ಎಲ್ಲರಿಗೂ ಅಭ್ಯಾಸ ಮಾಡಿಸಬೇಕು.

ಹಣ ಹಾಕಬೇಕಾದ ಜಾಗ

ನನ್ನ ಅಭಿಪ್ರಾಯದಲ್ಲಿ ತಾಮ್ರಕ್ಕೆ ಸುರಿಯುವ ಹಣದ ಒಂದು ಪಾಲನ್ನು ಹೊಗೆಕೊಳವೆಗೂ ಸೌದೆ ಕೊಟ್ಟಿಗೆಗೂ ತಿರುಗಿಸಿದವರೇ ಜಾಣರು. ಆಗತಾನೆ ಕಡಿದ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರು. ಆ ನೀರನ್ನು ಆವಿ ಮಾಡುವುದಕ್ಕೇ ಬೆಂಕಿಯ ಶಕ್ತಿ ಖರ್ಚಾಗುವುದರಿಂದ ಒಂದು ಕಿಲೋ ಹಸಿ ಸೌದೆಯಿಂದ ಸಿಗುವುದು ಒಣ ಸೌದೆಯ ಅರ್ಧದಷ್ಟು ಶಾಖ ಮಾತ್ರ, ಜೊತೆಗೆ ಕೊಳವೆಯೊಳಗೆ ಅಂಟಂಟಾದ ಮಸಿ. ಬೇಸಿಗೆಗೆ ಮೊದಲು ಸೀಳಿ, ನೆಲದಿಂದ ಎತ್ತರದಲ್ಲಿ, ಬದಿಗಳಿಂದ ಗಾಳಿಯಾಡುವ ಮಾಡಿನ ಕೆಳಗೆ ಒಟ್ಟಿದ ಸೌದೆ ಮಳೆಗಾಲಕ್ಕೆ ಸಿದ್ಧವಾಗುತ್ತದೆ. ಆಗುಂಬೆಯಂಥ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಕಡೆ ಕೊಟ್ಟಿಗೆಯ ಮಾಡನ್ನು ಒಂದೆರಡು ಅಡಿ ಹೆಚ್ಚು ಮುಂಚಾಚಿಸುವುದು ಯಾವ ಬಾಯ್ಲರ್ ಕಂಪನಿಯೂ ಕೊಡಲಾಗದ ಲಾಭವನ್ನು ಕೊಡುತ್ತದೆ.

ಉರುವಲಿನ ಬಗೆಗೆ ತಕ್ಕಂತೆ ಬೆಂಕಿಗೂಡಿನ ಗಾತ್ರವನ್ನೂ ನೋಡಬೇಕು. ಚಾಲಿ ಮಾಡುವ, ಅಂದರೆ ಅಡಿಕೆಯನ್ನು ಸಿಪ್ಪೆಸಹಿತ ಬಿಸಿಲಲ್ಲಿ ಒಣಗಿಸಿ ಆಮೇಲೆ ಸುಲಿಯುವ ಮನೆಯಲ್ಲಿ ಒಣ ಅಡಿಕೆ ಸಿಪ್ಪೆ ರಾಶಿ ಬಿದ್ದಿರುತ್ತದೆ. ಹಸಿ ಅಡಿಕೆ ಸುಲಿದು ಬೇಯಿಸುವ ತೀರ್ಥಹಳ್ಳಿ, ಸಾಗರದ ಕಡೆಯಲ್ಲಿ ಸಿಪ್ಪೆ ಹಸಿಯಾಗಿಯೇ ಇರುವುದರಿಂದ ಅದನ್ನು ಹರಡಿ ಒಣಗಿಸದೆ ಉರಿಸಲಾಗದು. ಸಿಪ್ಪೆ, ದರಕು, ಸೋಗೆಗಳು ಹಗುರವಾಗಿದ್ದು ಬಲುಬೇಗ ಉರಿದುಹೋಗುವುದರಿಂದ ಅವುಗಳಿಗೆ ದೊಡ್ಡ ಗೂಡೂ ಬೂದಿ ಬೀಳಲು ಆಳವಾದ ಗುಂಡಿಯೂ ಬೇಕು. ತೆಂಗಿನ ಚಿಪ್ಪಿನ ಉರಿ ಬಲು ಜೋರು. ಒಂದೇ ಸಲಕ್ಕೆ ತುಂಬುವುದು ಬೇಡ. ಗೇರುಬೀಜದ ಸಿಪ್ಪೆಯ ಎಣ್ಣೆ ಕಟುವಾದ ಹೊಗೆಯನ್ನೂ ಬಿಡಿಸಲಾಗದ ಮಸಿಯನ್ನೂ ಕೊಡುವುದರಿಂದ ಕರಾವಳಿಯವರು ಅದನ್ನು ಮನೆಯ ಒಲೆಗೆ ತರದಿರುವುದು ಮೇಲು. ಬೆಂಕಿ ಹೊತ್ತಿಸಲು ಹಾಲಿನ ಪ್ಯಾಕೆಟ್ ಬಳಸುವ ಅಭ್ಯಾಸವನ್ನಂತೂ ಬಿಡಲೇಬೇಕು, ಆ ವಿಷದ ಹೊಗೆ ಮೊದಲು ಹೋಗುವುದು ಒಲೆಯ ಮುಂದೆ ಕುಳಿತವರ ಎದೆಗೆ.

ಹೊಗೆಕೊಳವೆ ಹಂಡೆಗೂಡಿಗೆ ನಾಲ್ಕಿಂಚು, ದೊಡ್ಡ ಬಾಯ್ಲರಿಗೆ ಆರಿಂಚು ವ್ಯಾಸದ್ದಾಗಿ, ಸಾಧ್ಯವಾದಷ್ಟು ನೇರವಾಗಿ ಏರಿ, ಮಾಡಿನ ನೆತ್ತಿಗಿಂತ ಎರಡಡಿಯಾದರೂ ಮೇಲೆ ನಿಲ್ಲಬೇಕು. ಖರ್ಚು ಉಳಿಸಲೆಂದು ಗೋಡೆಯಿಂದ ಅಡ್ಡಕ್ಕೆ ಹೊರಬಿಟ್ಟ ಕೊಳವೆಯೊಳಗೆ ಗಾಳಿ ನುಗ್ಗಿದಾಗ ಹೊಗೆಯೆಲ್ಲ ಮನೆಯೊಳಕ್ಕೇ ಬರುತ್ತದೆ. ಬುಡದಲ್ಲಿ ಮಸಿ ತೆಗೆಯುವ ಕಿಂಡಿ, ತುದಿಯಲ್ಲಿ ಮಳೆನೀರು ಇಳಿಯದಂತೆ ಟೋಪಿ, ಪಕಾಸಿ ರೀಪುಗಳಿಗೆ ಕೊಳವೆ ತಾಗದಂತೆ ಅಂತರ ಇರಲಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕುಂಚ ಆಡಿಸಬೇಕು.

ಹೊಸ ಮನೆಗಳ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ಹಂಚಿನ ಮನೆಯ ಬಚ್ಚಲಿಗೆ ನೂರು ಸಂದುಗಳಿದ್ದವು. ಆರ್‌ಸಿಸಿ ಚಾವಣಿ, ಟೈಲ್ಸ್, ಬಿಗಿಯಾದ ಬಾಗಿಲಿನ ಬಚ್ಚಲಿಗೆ ಅವಿಲ್ಲ. ಅಂಥ ಕೋಣೆಯೊಳಗೆ ಕೆಂಡವಿದ್ದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಸೌದೆಯ ಬಾಯಿ ಹೊರಗಿರಬೇಕೆಂಬುದು ಬಚ್ಚಲನ್ನು ಚೊಕ್ಕಟವಾಗಿಡುವುದಕ್ಕಷ್ಟೇ ಹೇಳುವ ಮಾತಲ್ಲ.

ಸೌದೆಯಿಲ್ಲದ ದಾರಿಗಳು

ಗ್ಯಾಸ್ ಗೀಸರಿಗೂ ಇದೇ ಎಚ್ಚರ ಅನ್ವಯಿಸುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಉರಿದು ಜೀವ ಹೋದ ಸುದ್ದಿಗಳು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಗೀಸರನ್ನೂ ಸಿಲಿಂಡರನ್ನೂ ಹೊರಗಿಟ್ಟು ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತರಬೇಕು. ಖರ್ಚಿನ ದೃಷ್ಟಿಯಿಂದ, ಮೇಲೆ ಹೇಳಿದ ಆರು ಜನರ ಮನೆಗೆ 14.2 ಕಿಲೋ ಸಿಲಿಂಡರ್ ಒಂದು ಸ್ನಾನಕ್ಕೆಂದೇ ಸುಮಾರು 40 ದಿನ ಬರುತ್ತದೆ. ಇಬ್ಬರೇ ಇರುವ ಮನೆಯಲ್ಲಿ ನಾಲ್ಕು ತಿಂಗಳು ಬರಬಹುದು. ಸಿಲಿಂಡರ್ ಗಾಡಿ ಮಳೆಗಾಲದಲ್ಲಿ ನಿಮ್ಮ ಮನೆಯ ದಾರಿಗೆ ಬರುತ್ತದೆಯೇ ಎಂಬುದನ್ನೂ ಯೋಚಿಸಬೇಕು.

ವಿದ್ಯುತ್ ಗೀಸರ್ ಅದೇ ಕೆಲಸಕ್ಕೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್, ತಿಂಗಳಿಗೆ 120 ಯೂನಿಟ್ ಬಳಸುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇದನ್ನು ಗಮನಿಸಬೇಕು. ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್ ನಿಗದಿಯಾಗಿರುವುದರಿಂದ ಹೆಚ್ಚುವರಿಗೆ ಹಣ ಕಟ್ಟಬೇಕು, ಒಟ್ಟು ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಹೀಟ್ ಪಂಪ್ ಇದರ ಮೂರನೆಯ ಒಂದು ಭಾಗ ವಿದ್ಯುತ್ತಿನಲ್ಲಿ ಅಷ್ಟೇ ನೀರು ಕಾಯಿಸುತ್ತದೆ, ನಮ್ಮ ಸೆಖೆಯ ಹವೆಯಲ್ಲಿ ಚೆನ್ನಾಗಿಯೇ ದುಡಿಯುತ್ತದೆ. ಆದರೆ ಮೊದಲ ಬೆಲೆ ಹೆಚ್ಚು, ವೋಲ್ಟೇಜ್ ಏರಿಳಿಯುವ ಊರಿಗೆ ಅದು ತಕ್ಕುದಲ್ಲ. ಹೋಂಸ್ಟೇ ನಡೆಸುವವರು ಮಾತ್ರ ಇದನ್ನು ವಿಚಾರಿಸಬಹುದು.

ಸೋಲಾರಿನ ವಿಷಯದಲ್ಲಿ ಬಯಲುಸೀಮೆಯವರು ಹೆಚ್ಚು ಯೋಚಿಸಬೇಕಾಗಿಲ್ಲ, ಹಾಕಿಸಿಕೊಂಡರಾಯಿತು. ಮಲೆನಾಡಿನಲ್ಲಿ ಎರಡು ಅಡ್ಡಿಗಳಿವೆ. ಮಳೆಯ ನಾಲ್ಕು ತಿಂಗಳು ಅದು ಹೆಚ್ಚುಕಡಿಮೆ ಮಲಗಿರುತ್ತದೆ. ಕಣಿವೆಯ ಮನೆಗಳಿಗೆ ಅಡಿಕೆ ತೋಟದ ನೆರಳು ಬೆಳಿಗ್ಗೆ ಒಂಬತ್ತು ಹತ್ತರವರೆಗೂ ಬಿಡುವುದಿಲ್ಲ. ಮಂಗಗಳ ಹಾವಳಿಯಿರುವ ಕಡೆ ಗಾಜಿನ ಕೊಳವೆಯ ಮಾದರಿ ಉಳಿಯುವುದು ಕಷ್ಟ, ಗಟ್ಟಿ ಗಾಜಿನ ಚಪ್ಪಟೆ ಫಲಕವೇ ಲೇಸು. ಆದರೂ ಸೋಲಾರನ್ನು ಸೌದೆಯ ಪ್ರತಿಸ್ಪರ್ಧಿಯೆಂದು ಕಾಣದೆ ಜೊತೆಗಾರನನ್ನಾಗಿ ಮಾಡಿಕೊಳ್ಳುವ ಒಂದು ಉಪಾಯವಿದೆ. ಸೋಲಾರಿನಿಂದ ಬರುವ ನೀರನ್ನು ನೇರವಾಗಿ ನಲ್ಲಿಗೆ ಕೊಡದೆ ಸೌದೆ ಬಾಯ್ಲರಿನ ತಣ್ಣೀರಿನ ಬಾಯಿಗೆ ಕೊಟ್ಟರೆ, ಬಿಸಿಲಿನ ದಿನ ಒಲೆ ಹಚ್ಚುವುದೇ ಬೇಡ, ಮೋಡದ ದಿನ ಉಗುರುಬೆಚ್ಚಗಿನ ನೀರಿಗೆ ನಾಲ್ಕು ಕಡ್ಡಿಯ ಉರಿ ಸಾಕು. ಹೀಗೆ ಜೋಡಿಸುವಾಗ ಗಾಳಿ ಕೊಳವೆಯ ಎತ್ತರವನ್ನು ಸೋಲಾರ್ ಟ್ಯಾಂಕಿಗೆ ನೀರು ಕೊಡುವ ಮೇಲಿನ ಟ್ಯಾಂಕಿನ ಮಟ್ಟದಿಂದಲೇ ಲೆಕ್ಕ ಹಾಕಬೇಕು.

ಯಾರಿಗೆ ಯಾವುದು

ಸ್ವಂತ ತೋಟವಿದ್ದು, ಐದಾರು ಜನರಿದ್ದು, ಮಳೆ ಹೆಚ್ಚಿರುವ ಊರಾದರೆ ಹೊರಗಿನಿಂದ ಉರಿಸುವ, ಗಾಳಿ ಕೊಳವೆಯುಳ್ಳ ಬಾಯ್ಲರೇ ಸರಿ. ಅಷ್ಟು ಹಣವಿಲ್ಲದಿದ್ದರೆ ಗೂಡಿನ ಹಂಡೆ ಅದರ ಮುಕ್ಕಾಲು ಪಾಲು ಪ್ರಯೋಜನವನ್ನು ಕೊಡುತ್ತದೆ. ಮಕ್ಕಳೆಲ್ಲ ಬೆಂಗಳೂರು ಸೇರಿ ಅಪ್ಪ ಅಮ್ಮ ಇಬ್ಬರೇ ಉಳಿದ ಮನೆಗೆ, ಮಕ್ಕಳು ದೂರದಿಂದ ಹಣ ಕಳಿಸಿ ದೊಡ್ಡ ಬಾಯ್ಲರ್ ಕೂರಿಸುವುದು ಅಷ್ಟೊಂದು ವಿವೇಕವಲ್ಲ. ಸೌದೆ ಸೀಳುವವರು, ಬೂದಿ ತೆಗೆಯುವವರು ಯಾರು ಎಂದು ಕೇಳಿಕೊಂಡರೆ ಅವರಿಗೆ ಸೋಲಾರ್ ಜೊತೆಗೊಂದು ಸಣ್ಣ ವಿದ್ಯುತ್ ಗೀಸರ್, ಕರೆಂಟಿಲ್ಲದ ದಿನಕ್ಕೆ ಅಂಗಳದಲ್ಲೊಂದು ಬಂಬ ಎಂಬ ಉತ್ತರ ತಾನಾಗಿಯೇ ಬರುತ್ತದೆ. ಸೌದೆಯನ್ನು ದುಡ್ಡು ಕೊಟ್ಟು ಕೊಳ್ಳುವ ಪೇಟೆಯ ಮನೆಗಳಿಗೆ ಸೌದೆಯ ಯಾವ ಆಯ್ಕೆಯನ್ನೂ ನಾನು ಹೇಳಲಾರೆ. ಬಟ್ಟೆ ಒಣಗಿಸುವುದು ಅನಿವಾರ್ಯವಾದವರು ಬಾಯ್ಲರಿನ ಹೊಗೆಕೊಳವೆಯನ್ನು ಗೋಡೆಯೊಳಗೆ ಹುಗಿಯದೆ, ಒಂದು ಸಣ್ಣ ಕೋಣೆಯ ಮೂಲಕ ಹಾಯಿಸಿ, ಅದರ ಸುತ್ತ ಕೈಗೂ ಬಟ್ಟೆಗೂ ತಾಗದಂತೆ ಜಾಲರಿ ಕಟ್ಟಿಸಿದರೆ ಹಳೆಯ ಒಲೆಯ ಆ ಕೆಲಸವೂ ನಡೆಯುತ್ತದೆ.

ಕೆಲಸ ಮಾಡಿಸಲು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲ ಒಳ್ಳೆಯದು, ಏಕೆಂದರೆ ಮಣ್ಣಿನ ಗಾರೆ ನೆರಳಲ್ಲಿ ನಿಧಾನವಾಗಿ ಒಣಗಲು ಎರಡು ಮೂರು ವಾರ ಬೇಕು. ಒಣಗಿದ ಮೇಲೂ ಮೊದಲ ನಾಲ್ಕಾರು ದಿನ ಜಿಗ್ಗಿನ ಸಣ್ಣ ಉರಿಯನ್ನಷ್ಟೇ ಹಾಕಿ, ಬಿರುಕು ಕಂಡಲ್ಲಿ ಮಣ್ಣು ಮೆತ್ತಿ, ಅನಂತರವೇ ಕುಂಟೆ ಇಡಬೇಕು. ಬಾಯ್ಲರ್ ಕೂರಿಸಿದವರಾದರೆ ಪ್ಲಂಬರ್ ಇರುವಾಗಲೇ ನೀರು ತುಂಬಿಸಿ, ನಲ್ಲಿಗಳನ್ನೆಲ್ಲ ಮುಚ್ಚಿ, ನೀರು ಕುದಿಯುವವರೆಗೆ ಉರಿಸಿ, ಗಾಳಿ ಕೊಳವೆಯ ತುದಿಯಿಂದ ಆವಿ ಹೊರಬರುವುದನ್ನು ಕಣ್ಣಾರೆ ಕಂಡ ಮೇಲೆ ಉಳಿದ ಹಣವನ್ನು ಕೊಡಿ.